ಪೈಪಿನೊಳಗೆ ಅಳೆದ ಬೆಳಕು

ಕೇಂದ್ರ ಸರ್ಕಾರದ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ನಾನು ಮೂವತ್ತು ವರ್ಷ ಕಳೆದವನು. ಬೇರೆಯವರು ಮಾಡಿದ್ದನ್ನು ಅಳೆದು, ಸರಿಯಿಲ್ಲ ಎಂದು ಬರೆಯುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ನಿವೃತ್ತನಾಗಿ ಮಿಯಾಪುರದ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಅಳೆಯಲು ಏನೂ ಉಳಿಯಲಿಲ್ಲ. ಕೆಲವು ದಿನ ಹಾಲಿನ ಪ್ಯಾಕೆಟ್ಟುಗಳನ್ನು ತೂಗಿ ನೋಡಿದೆ. ಹೆಂಡತಿ ತಕ್ಕಡಿಯನ್ನೇ ಅಡಗಿಸಿಟ್ಟಳು.

ಆಗ ನಮ್ಮ ನಿವಾಸಿಗಳ ಸಂಘ ಕಾವಲುಗಾರರಿಗೆಂದು ಹನ್ನೆರಡು ಟಾರ್ಚ್ ತರಿಸಿತು. ಡಬ್ಬಿಯ ಮೇಲೆ ‘ಎರಡು ಸಾವಿರ ಲುಮೆನ್’ ಎಂದು ದಪ್ಪಕ್ಷರದಲ್ಲಿತ್ತು. ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ ಅದು. ಅಷ್ಟು ಬೆಳಕು ಎಲ್ಲಿದೆ ಎಂದು ಸಭೆಯಲ್ಲಿ ಯಾರೋ ತಗಾದೆ ತೆಗೆದರು. ಕಾರ್ಯದರ್ಶಿ ತೆಲುಗಿನವರು, ಯಾವ ಕಷ್ಟಕ್ಕೂ ‘ಪರ್ವಾಲೇದು’, ಅಂದರೆ ಪರವಾಗಿಲ್ಲ, ಅನ್ನುವ ಮನುಷ್ಯ. ಅವರು ನನ್ನತ್ತ ಕೈ ತೋರಿಸಿ, “ನಮ್ಮ ಸಾರ್ ಅಳೆದು ಹೇಳುತ್ತಾರೆ” ಎಂದರು. ಎಷ್ಟೋ ದಿನಗಳ ನಂತರ ನನ್ನ ಎದೆ ಉಬ್ಬಿತು.

ಬಚ್ಚಲು ರಿಪೇರಿಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಮೂರು ಬಾಗು ಬರುವಂತೆ ಜೋಡಿಸಿ, ಒಳಗೆ ಬಿಳಿ ಬಣ್ಣ ಬಳಿದೆ. ಒಂದು ಬಾಯಿಗೆ ಟಾರ್ಚ್ ಹಿಡಿದರೆ ಬೆಳಕು ಗೋಡೆಗೆ ಬಡಿದು ಬಡಿದು ಸಮನಾಗಿ ಇನ್ನೊಂದು ಬಾಯಿಗೆ ಬರುತ್ತದೆ. ಅಲ್ಲಿ ಕೋಠಿಯ ಅಂಗಡಿಯಿಂದ ತಂದ ಬೆಳಕಿನ ಮೀಟರ್ ಕೂರಿಸಿದೆ. ಮೀಟರ್ ತೋರಿಸಿದ ಅಂಕಿಯನ್ನು ಎಷ್ಟರಿಂದ ಗುಣಿಸಿದರೆ ಲುಮೆನ್ ಆಗುತ್ತದೆ ಎಂಬುದೇ ಉಳಿದ ಪ್ರಶ್ನೆ. ಅದಕ್ಕೆ ನಿಜವಾದ ಬೆಳಕು ಎಷ್ಟೆಂದು ಮೊದಲೇ ಗೊತ್ತಿರುವ ಒಂದು ಟಾರ್ಚ್ ಬೇಕು.

“ಅದಕ್ಕೇನು, ನಮ್ಮದೇ ಇದೆಯಲ್ಲ! ಡಬ್ಬಿಯ ಮೇಲೇ ಬರೆದಿದ್ದಾರೆ” ಎಂದರು ಸಮಿತಿಯ ಸಭೆಯಲ್ಲಿ ಕಾರ್ಯದರ್ಶಿ.

ಆಗಲೇ ನಾನು ಎದ್ದು ಬರಬೇಕಿತ್ತು. ಆದರೆ ಎದುರಿಗೆ ಬಿಸಿ ಮಿರ್ಚಿ ಬಜ್ಜಿ ಇತ್ತು, ಸುತ್ತಲಿನವರು ಸಾರ್, ಸಾರ್ ಅನ್ನುತ್ತಿದ್ದರು. ಸಂಘದ ಟಾರ್ಚಿಗೆ ಎರಡು ಸಾವಿರ ಬರುವಂತೆ ಗುಣಕ ಹೊಂದಿಸಿದೆ. ಆಮೇಲೆ ಗಂಭೀರವಾಗಿ ಅದೇ ಟಾರ್ಚನ್ನು ಅಳೆದೆ. ಎರಡು ಸಾವಿರ ಬಂತು! ಸಮಿತಿಯವರು ಚಪ್ಪಾಳೆ ತಟ್ಟಿ ನನಗೆ ಶಾಲು ಹೊದಿಸಿದರು.

ಮರುದಿನದಿಂದ ಮನೆಯ ಮುಂದೆ ಟಾರ್ಚುಗಳ ಸಾಲು. ಪ್ರತಿಯೊಂದಕ್ಕೂ ಅಂಕಿ ಬರೆದ ಚೀಟಿ ಅಂಟಿಸಿಕೊಟ್ಟೆ. ಮೇಲಿನ ಮಹಡಿಯ ಹೆಂಗಸಿನ ಟಾರ್ಚಿಗೆ ಮುನ್ನೂರು ಬಂದಾಗ ಅವರು ಲಿಫ್ಟಿನಲ್ಲಿ ಮಾತು ಬಿಟ್ಟರು. ಮತ್ತೆ ಕರೆಸಿ, ಪೈಪಿನ ಬಾಯಿಗೆ ಸ್ವಲ್ಪ ಒತ್ತಿ ಹಿಡಿದು, ನಾನೂರು ಮಾಡಿಕೊಟ್ಟೆ.

ಒಂದು ಭಾನುವಾರ ಹಳೆಯ ಸಹೋದ್ಯೋಗಿ ಊಟಕ್ಕೆ ಬಂದರು. ಬಾಗಲಕೋಟೆ ಕಡೆಯವರು, ಕಾರ್ಖಾನೆಯಲ್ಲಿ ದೀಪಗಳ ಪರೀಕ್ಷೆ ಅವರ ಕೆಲಸವಾಗಿತ್ತು. ನನ್ನ ಯಂತ್ರದ ಸುದ್ದಿ ಕೇಳಿ, ಪ್ರಯೋಗಾಲಯದಲ್ಲಿ ಅಳೆಸಿದ್ದ ತಮ್ಮ ಟಾರ್ಚನ್ನೂ ತಂದಿದ್ದರು. ಅದು ಖಚಿತವಾಗಿ ಐನೂರು ಲುಮೆನ್. ನನ್ನ ಪೈಪು ಸಾವಿರದ ಇನ್ನೂರೈವತ್ತು ಎಂದಿತು.

“ಇದನ್ನ ಯಾವ ಟಾರ್ಚ್ ಇಟ್ಟು ಹೊಂದಿಸೀರಿ?” ಎಂದು ಕೇಳಿದರು.

“ಸಂಘದ್ದ ಇಟ್ಟು.”

“ಮತ್ತ ಅಳದಿದ್ದು ಯಾವದನ್ನ?”

“ಸಂಘದ್ದನ್ನ.”

“ಅಂದ್ರ ಕಳ್ಳನ್ನ ಕರದು, ಕೀಲಿ ಗಟ್ಟಿ ಐತೇನ್ ನೋಡಪಾ ಅಂದಂಗಾತ್ರೀ!”

ಅಡುಗೆಮನೆಯಲ್ಲಿ ಹೆಂಡತಿ ನಕ್ಕಿದ್ದು ಕೇಳಿಸಿತು. ಕಾರ್ಖಾನೆಯಲ್ಲಿ ನಾನು ಹೀಗೆ ಅಳತೆ ಮಾಡಿದವರ ಸಾಮಾನನ್ನು ಲಾರಿಗಟ್ಟಲೆ ವಾಪಸ್ ಕಳಿಸಿದವನು.

ಊಟವಾದ ಮೇಲೆ ಇಬ್ಬರೂ ಪರದೆ ಎಳೆದು ಕೂತೆವು. ಮೀಟರ್ ಅಲುಗದಂತೆ ಟೇಪು ಸುತ್ತಿದೆವು. ಹೊತ್ತಿಸಿದ ಕೂಡಲೇ ಓದದೆ, ದೀಪ ಬಿಸಿಯಾಗಿ ಬೆಳಕು ಒಂದು ಮಟ್ಟಕ್ಕೆ ನಿಲ್ಲುವವರೆಗೆ ಕಾದು, ಐದೈದು ಸಲ ಅಳೆದು ಸರಾಸರಿ ತೆಗೆದೆವು. ಹೊಸ ಗುಣಕದ ಪ್ರಕಾರ ಸಂಘದ ಟಾರ್ಚಿಗೆ ಬಂದಿದ್ದು ಎಂಟುನೂರು.

ಸಂಜೆಯೇ ಕಾರ್ಯದರ್ಶಿಯ ಬಳಿ ಹೋಗಿ ತಪ್ಪೊಪ್ಪಿಕೊಂಡೆ.

“ಟಾರ್ಚಿನ ಬೆಳಕು ಕಡಿಮೆಯಾಗಿದೆಯಾ ಸಾರ್?”

“ಇಲ್ಲ, ಅಂಕಿ ಮಾತ್ರ.”

“ಹಾಗಾದರೆ ಪರ್ವಾಲೇದು.”

ಚೀಟಿ ಬದಲಿಸಲು ಮನೆಮನೆಗೂ ಹೋದೆ. ಒಬ್ಬರು “ಮೊದಲು ಎದುರು ಮನೆಯವರದು ಕಿತ್ತು ಬನ್ನಿ” ಎಂದರು. ಮೇಲಿನ ಮಹಡಿಯ ಹೆಂಗಸು ಬಾಗಿಲನ್ನೇ ತೆರೆಯಲಿಲ್ಲ. ಕೊನೆಗೆ ಬದಲಾಗಿದ್ದು ನಮ್ಮ ಮನೆಯ ಚೀಟಿ ಒಂದೇ.

ಅಷ್ಟರಲ್ಲಿ ಪಕ್ಕದ ಅಪಾರ್ಟ್‌ಮೆಂಟಿನವರು ಅದೇ ಟಾರ್ಚುಗಳನ್ನು ಕೊಂಡು, ಅಳೆಯಲು ಪೈಪನ್ನು ಎರವಲು ಒಯ್ದರು. ಸರಿಯಾದ ಗುಣಕವನ್ನು ಪೈಪಿನ ಮೇಲೆ ಬರೆದೇ ಕೊಟ್ಟಿದ್ದೆ. ಎರಡೇ ದಿನಕ್ಕೆ ಅದು ದೂರಿನೊಂದಿಗೆ ವಾಪಸ್ ಬಂತು: ನಿಮ್ಮ ಟಾರ್ಚಿಗೆ ಎರಡು ಸಾವಿರ, ನಮ್ಮದಕ್ಕೆ ಎಂಟುನೂರು, ಯಂತ್ರ ಕೆಟ್ಟಿದೆ.

ಸಂಘ ತುರ್ತು ಸಭೆ ಕರೆದು, ಯಂತ್ರ ಮೊದಲಿನಂತಾಗಲು ಎಷ್ಟು ದಿನ ಬೇಕೆಂದು ನನ್ನನ್ನು ಕೇಳಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

“ಒಂದು ವಾರ” ಎಂದುಬಿಟ್ಟೆ.