ದಬ್ಬಣದಕ್ಕ ಉಳಿಸಿದ ಉಗಿಯಂತ್ರದ ಲೆಕ್ಕ

ಅಚ್ಚುಕೂಟಗಳ ಬೀದಿಯಲ್ಲಿ ಅವಳನ್ನು ಎಲ್ಲರೂ ದಬ್ಬಣದಕ್ಕ ಎಂದೇ ಕರೆಯುತ್ತಿದ್ದರು. ಅಪ್ಪ ಬಿಟ್ಟುಹೋದ ಬೈಂಡಿಂಗ್ ಅಂಗಡಿಯನ್ನು ಅವಳು ತಮ್ಮನ ಜೊತೆ ನಡೆಸುತ್ತಿದ್ದಳು. ಗಿರಾಕಿಗಳೊಂದಿಗೆ ಮಾತು ಅವನದು, ಕೆಲಸ ಅವಳದು. "ನಮ್ಮಕ್ಕ ಹೊಲಿದ ಪುಸ್ತಕ ಮೂರು ತಲೆಮಾರು ಬಿಚ್ಚಲ್ಲ" ಎಂದು ಅವನು ಕೊಚ್ಚಿಕೊಂಡರೆ, ಅವಳು ತಲೆಯೆತ್ತದೆ "ನಾಲ್ಕು ಅನ್ನು" ಎನ್ನುತ್ತಿದ್ದಳು.

ಒಂದು ದಿನ ಗುಜರಿ ಅಂಗಡಿಯವನು ಅವಳಿಗೆ ಹೇಳಿಕಳಿಸಿದ. ನದಿ ದಂಡೆಯ ಹಳೇ ಕಟ್ಟಡವೊಂದನ್ನು ಕೆಡವುತ್ತಿದ್ದರು. ನೂರು ವರ್ಷಕ್ಕೂ ಹಿಂದೆ ಅಲ್ಲಿ ಉಗಿಯಂತ್ರ ತಯಾರಿಸುವ ದೊಡ್ಡ ಕಂಪನಿಯೊಂದರ ಶಾಖಾ ಕಚೇರಿ ಇತ್ತಂತೆ. ಅದರ ನೆಲಮಾಳಿಗೆಯಲ್ಲಿ ಸಿಕ್ಕ ಲೆಕ್ಕದ ಪುಸ್ತಕಗಳು ಕೈಗಾಡಿ ತುಂಬ ಬಂದು ಗುಜರಿಯವನ ಅಂಗಳದಲ್ಲಿ ಬಿದ್ದಿದ್ದವು.

"ಹೊದಿಕೆ ಅಸಲಿ ಚರ್ಮ ಅಕ್ಕಾ. ಕಿತ್ಕೊಂಡ್ರೆ ನಿನಗೆ ವರ್ಷಕ್ಕಾಗತ್ತೆ. ಒಳಗಿನ ಕಾಗದ ವಾಪಸ್ ಕೊಟ್ಬಿಡು, ಪೊಟ್ಟಣ ಕಟ್ಟೋರಿಗೆ ಹಾಕ್ತೀನಿ."

ಚರ್ಮದಾಸೆಗೆ ಅಷ್ಟನ್ನೂ ಕೊಂಡು ತಂದಳು. ಮೊದಲ ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿ, ಬೆನ್ನಿನ ಚರ್ಮವನ್ನು ತುದಿಯಲ್ಲಿ ಚೂರು ಎಬ್ಬಿಸಿದಳಷ್ಟೆ, ಕತ್ತಿ ಹಿಡಿದ ಕೈ ನಿಂತುಹೋಯಿತು. ಒಳಗೆ ಗಟ್ಟಿ ಹುರಿಗಳ ಮೇಲೆ ಹೊಲಿಗೆ ಸಾಲಾಗಿ ಕೂತಿತ್ತು. ಒಂದೆಳೆ ಸಡಿಲವಾಗಿರಲಿಲ್ಲ, ಒಂದು ಗಂಟು ಅಡ್ಡಾದಿಡ್ಡಿಯಾಗಿರಲಿಲ್ಲ.

"ಇದನ್ನ ಹೊಲಿದೋರ ಕೈ ನೋಡೋ," ಎಂದಳು ತಮ್ಮನಿಗೆ. "ಇದನ್ನ ನಾನು ಕೊಯ್ಯಲ್ಲ."

"ಅದು ಸತ್ತುಹೋದ ಕಂಪನಿ ಲೆಕ್ಕ ಕಣಕ್ಕಾ. ಯಾರಿಗೆ ಬೇಕು?"

"ನನಗೆ ಬೇಕು."

ಪುಸ್ತಕಗಳು ಕಪಾಟು ಹಿಡಿದು ಕೂತವು. ತಮ್ಮ ಗೊಣಗುತ್ತಲೇ ಇದ್ದ. ಹೊಸ ಹೋಟೆಲು ಕಟ್ಟಿಸುತ್ತಿದ್ದವರೊಬ್ಬರು ಬಂದು, ಗೋಡೆಯ ಅಲಂಕಾರಕ್ಕೆ ಈ ಚರ್ಮದ ಬೆನ್ನುಗಳು ಬೇಕು, ಕೇಳಿದ್ದು ಕೊಡುತ್ತೇನೆ ಎಂದಾಗ ಅವನ ಮುಖ ಅರಳಿತು.

"ಬರೀ ಬೆನ್ನು ಸಾಕಮ್ಮ. ಒಳಗಿನದು ನೀವೇ ಇಟ್ಕೊಳ್ಳಿ."

"ನಿಮ್ಮ ಹೋಟೆಲಿಗೆ ಬಂದೋರಿಗೆ ಬರೀ ತಟ್ಟೆ ತೋರಿಸಿ ಕಳಿಸ್ತೀರಾ?" ಎಂದು ಕೇಳಿ ಅವಳು ದಾರಕ್ಕೆ ಮೇಣ ಉಜ್ಜುವುದನ್ನು ಮುಂದುವರಿಸಿದಳು. ಬಂದವರು ನಕ್ಕು ಹೊರಟುಹೋದರು. ತಮ್ಮ ನಗಲಿಲ್ಲ. ಸಿಟ್ಟಿನಲ್ಲಿ ಪುಸ್ತಕಗಳನ್ನೆಲ್ಲ ಕೆಳಗಿನ ಹಲಗೆಗೆ ತಳ್ಳಿ, ಮೇಲೆ ಮದುವೆ ಕಾಗದಗಳ ಕಟ್ಟು ಜೋಡಿಸಿದ.

ಆ ಬೇಸಿಗೆಯಲ್ಲಿ ಮಹಡಿಯ ಮೇಲಿನ ನೀರಿನ ಕೊಳವೆ ಒಡೆಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಡಿಯಲ್ಲಿ ಮೊಣಕಾಲಿನ ತನಕ ನೀರು. ಪುಸ್ತಕಗಳು ನೀರು ಕುಡಿದು ಊದಿಕೊಂಡಿದ್ದವು. ತಮ್ಮ ಗೋಡೆಗೆ ಒರಗಿ, "ಕೆಳಗಿಟ್ಟೋನು ನಾನೇ" ಎಂದ. ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಅತ್ರೆ ನೀರು ಜಾಸ್ತಿಯಾಗತ್ತೆ. ಹಗ್ಗ ತಗೊಂಡು ಬಾ," ಎಂದಳು ಅವಳು.

ಬಿಸಿಲಿಗಿಟ್ಟರೆ ಚರ್ಮ ಸೀಳುತ್ತದೆ, ಅಂಟಿದ ಹಾಳೆ ಎಳೆದರೆ ಹರಿಯುತ್ತದೆ. ಅದಕ್ಕೇ ಪುಸ್ತಕಗಳನ್ನು ನೆರಳಲ್ಲಿ ನಿಲ್ಲಿಸಿ, ಹಾಳೆಗಳ ನಡುವೆ ನೀರು ಹೀರುವ ಕಾಗದ ತೂರಿಸಿ, ನೀರಿಗೆ ಕಳಚಿಬಂದ ಹಾಳೆಗಳನ್ನು ಹಗ್ಗಕ್ಕೆ ಹಾಕಿದಳು. ತಮ್ಮ ಮನೆಯ ಫ್ಯಾನನ್ನೇ ಬಿಚ್ಚಿ ತಂದ. ಹಾಳೆ ಮಗುಚುವ ಕೆಲಸ ಅವನಿಗೆ ಬಿತ್ತು. ಮಗುಚುತ್ತ ಮಗುಚುತ್ತ ಓದತೊಡಗಿದ.

"ಹಿಟ್ಟಿನ ಗಿರಣಿಗೆ ಒಂದು ಯಂತ್ರ ಮಾರಿದಾರೆ. ಪರೀಕ್ಷೆಗೆ ಉರಿಸಿದ ಕಲ್ಲಿದ್ದಲಿಗೂ ದುಡ್ಡು ಹಾಕಿದಾರೆ, ಜುಗ್ಗರು!" ಆಮೇಲೆ ಇನ್ನೊಂದು ಪುಟ. "ಅಕ್ಕಾ, ಈ ಫಿಟ್ಟರು ಮತ್ತೆ ಮುಂಗಡ ತಗೊಂಡ! ಹಳೇದೇ ತೀರಿಲ್ಲ."

"ಮನೇಲಿ ಏನು ತಾಪತ್ರಯವೋ, ಪಾಪ."

"ಏ, ಸೂಲಗಿತ್ತಿಗೆ ಅಂತ ಬರ್ದಿದಾರೆ. ಮಗು ಹುಟ್ಟಿದೆ ಕಣಕ್ಕಾ!"

ಪಕ್ಕದ ಮನೆಯಲ್ಲೇ ಹುಟ್ಟಿದಂತೆ ಇಬ್ಬರೂ ನಕ್ಕರು. ಅಂದಿನಿಂದ ಅವನಿಗೆ ಆ ಲೆಕ್ಕದ ಹುಚ್ಚು ಹಿಡಿಯಿತು. ಊರಿನ ಹಳೇ ನೀರೆತ್ತುವ ಯಂತ್ರವೂ ಈ ಶಾಖೆಯಿಂದಲೇ ಬಂದದ್ದೆಂದು ಒಂದು ಪುಟದಲ್ಲಿ ಕಂಡಾಗ, ಅಂಗಿ ಬದಲಿಸಿ ತಾನೇ ಹಳೇ ದಾಖಲೆ ಕಾಪಾಡುವ ಪತ್ರಾಗಾರಕ್ಕೆ ಓಡಿದ.

ಪತ್ರಾಗಾರದ ಅಧಿಕಾರಿಣಿ ಬಂದರು. ಹಗ್ಗದ ಕೆಳಗೆ ಬಗ್ಗಿ ಬಗ್ಗಿ, ಊಟ ಮರೆತು ಓದಿದರು. ಕೊನೆಗೆ ಕನ್ನಡಕ ತೆಗೆದು, "ಕಂಪನಿಯ ಮುಖ್ಯ ಕಚೇರಿ ಯಾವಾಗಲೋ ಸುಟ್ಟುಹೋಯ್ತಮ್ಮ. ಲೆಕ್ಕಪತ್ರ ಒಂದೂ ಉಳಿದಿಲ್ಲ ಅಂದ್ಕೊಂಡಿದ್ವಿ. ಉಳಿದಿರೋದಷ್ಟೂ ನಿಮ್ಮ ಹಗ್ಗದ ಮೇಲಿದೆ," ಎಂದರು.

"ತಗೊಂಡುಹೋಗಿ. ಆದ್ರೆ ರಿಪೇರಿ ನನ್ನ ಕೈಲೇ ಆಗ್ಬೇಕು."

"ಅದನ್ನೇ ಕೇಳೋಣ ಅಂತಿದ್ದೆ."

ಪತ್ರಾಗಾರದಲ್ಲಿ ಕಿಟಕಿಯ ಪಕ್ಕ ಅವಳಿಗೊಂದು ಮೇಜು ಕೊಟ್ಟರು. ಹೊಸ ಚರ್ಮ ಹೊದಿಸಿ ಬಂಗಾರದ ಅಕ್ಷರ ಒತ್ತಬೇಕೆಂಬುದು ಅವಳ ಆಸೆ. ಹಳೆಯದು ಹಳೆಯದಾಗಿಯೇ ನಿಲ್ಲಬೇಕೆಂಬುದು ಅಧಿಕಾರಿಣಿಯ ಹಟ. ಅಂಟು ಎಷ್ಟು ತೆಳ್ಳಗಿರಬೇಕೆಂಬುದಕ್ಕೂ ಜಟಾಪಟಿಯಾಯಿತು. ಗಾಳಿಗೆ ಹಾರುವಂಥ ತೆಳು ಕಾಗದದಿಂದ ಹರಿದ ಅಂಚನ್ನು ಕೂಡಿಸುವುದನ್ನು ಅಧಿಕಾರಿಣಿ ಮಾಡಿ ತೋರಿಸಿದಾಗ ಮಾತ್ರ ದಬ್ಬಣದಕ್ಕ ವಾದ ಬಿಟ್ಟು ಆ ಅಂಚಿನ ಮೇಲೆ ಬೆರಳಾಡಿಸಿದಳು. ಹರಿದದ್ದು ಎಲ್ಲೆಂದು ಬೆರಳಿಗೂ ತಿಳಿಯಲಿಲ್ಲ. "ಇದನ್ನ ಕಲಿಸಿಕೊಡಿ," ಎಂದಳು. ಕಲಿತಳು, ಮುಂದೆ ಅಲ್ಲಿಗೆ ಬಂದವರಿಗೆ ತಾನೇ ಕಲಿಸಿದಳು.

ಪುಸ್ತಕಗಳನ್ನು ಓದುಗರಿಗೆ ತೆರೆದ ದಿನ ದೊಡ್ಡವರೆಲ್ಲ ಬಂದಿದ್ದರು. ಭಾಷಣಗಳಲ್ಲಿ ಯಂತ್ರಗಳನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಅಧಿಕಾರಿಣಿ ಅವಳನ್ನು ಮುಂದಕ್ಕೆ ಕರೆದರು. ಅವಳು ಎದ್ದು, ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಆ ಯಂತ್ರಗಳೆಲ್ಲ ತುಕ್ಕು ಹಿಡಿದು ಹೋದ್ವು," ಎಂದಳು. "ಕಾಗದ ಉಳೀತು. ಉಳಿಸಿದ್ದು ನಾನು, ನನ್ನ ತಮ್ಮ."

ಅಷ್ಟೇ ಹೇಳಿ ಬಂದು ಕೂತಳು. ಸಭೆಯ ಚಪ್ಪಾಳೆ ನಿಂತ ಮೇಲೂ ಹಿಂದಿನ ಸಾಲಿನಲ್ಲಿ ಒಬ್ಬರು ತಟ್ಟುತ್ತಲೇ ಇದ್ದರು. ಯಾರೆಂದು ಅವಳು ತಿರುಗಿ ನೋಡಬೇಕಾಗಿರಲಿಲ್ಲ.