ಮೇಲಿನ ಮನೆಯವರ ಗಾಳಿ ಮೀಟರ್

ಕಸ್ಬಾ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದವರು ಉಡುಪಿ ಕಡೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು. ಬಾಲ್ಕನಿಯಲ್ಲಿ ಗಾಳಿಯ ಮಾಲಿನ್ಯ ಅಳೆಯುವ ಮೀಟರ್ ನೇತುಹಾಕಿ ದಿನಕ್ಕೆ ಹತ್ತು ಸಲ ನೋಡುತ್ತಿದ್ದರು. ಆಕಾಶ ತಿಳಿಯಾದಷ್ಟೂ ಅವರ ಮುಖ ಸಪ್ಪಗಾಗುತ್ತಿತ್ತು. "ಬಿಸಿಲನ್ನು ನಂಬಬೇಡಿ ಮಾರಾಯ್ರೆ, ಉಸಿರು ಕೆಡಿಸುವ ಓಝೋನ್ ಏರುವುದೇ ಈಗ" ಎನ್ನುವರು. ಉಬ್ಬಸವಿದ್ದ ನನ್ನ ಮಗಳು ಆಡಲು ಎಷ್ಟು ಹೊತ್ತಿಗೆ ಇಳಿಯಬೇಕೆಂದು ಹೇಳುತ್ತಿದ್ದವರೂ ಅವರೇ.

ಒಂದು ಭಾನುವಾರ ಮೀಟರ್ ಕೆಂಪಾಯಿತು. ಎಲ್ಲರ ಬಾಗಿಲು ತಟ್ಟಿ ಕಿಟಕಿ ಮುಚ್ಚಿಸಿದರು. ಕೊನೆಗೆ ಅವರ ಹೆಂಡತಿ ಸೌಟು ಹಿಡಿದೇ ಮೆಟ್ಟಿಲಿಗೆ ಬಂದರು.

"ನಾನು ಬಂಗುಡೆ ಸಾರಿಗೆ ಮೆಣಸು ಹುರಿದದ್ದು. ನಿಮ್ಮ ಮೀಟರ್ ಅಡುಗೆಮನೆ ಕಿಟಕಿಯ ಪಕ್ಕದಲ್ಲೇ ಉಂಟಲ್ಲ."

ಸಂಜೆ ಮ್ಯಾನೇಜರು ಮೀಟರನ್ನು ತಂದು ನಮ್ಮ ಬಾಲ್ಕನಿಗೆ ಕಟ್ಟಿದರು. "ಮಗು ಉಸಿರಾಡುವಲ್ಲೇ ಇರಲಿ" ಎಂದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುವುದಕ್ಕೂ ಮೇಲಿನ ಮನೆಯ ಅಪ್ಪಣೆ ಬೇಕಾಯಿತು.