ತೊಟ್ಟಿಯ ನೀರು ಹಸಿರಾದದ್ದು ನನ್ನಿಂದ

ಶಾಂತಾ, ದುರುಗವ್ವ ನಿನ್ನನ್ನು ಬಿಟ್ಟು ಹೋಗಲಿಲ್ಲ. ಆಕೆಯನ್ನು ಕಳಿಸಿದರು. ಕಳಿಸುವುದಕ್ಕೆ ಬೇಕಾಗಿದ್ದ ಒಂದು ಸುಳ್ಳನ್ನು ಕೊಟ್ಟವನು ನಾನು — ನಿನಗೆ ಲೆಕ್ಕ ಕಲಿಸಿದ, ನೀನು ಇಂದಿಗೂ ಕಂಡರೆ ಕೈಮುಗಿಯುವ ಮೇಷ್ಟ್ರು. ಐದು ವರ್ಷ ಇದನ್ನು ಹೇಳದೆ ಬದುಕಿದೆ. ನೆಮ್ಮದಿಯಾಗಿ ಅಂತ ಬರೆಯಲು ಹೊರಟಿದ್ದೆ — ಇಲ್ಲ, ಆದರೆ ಬದುಕಿದೆ.

ನಿನಗಾಗ ಒಂಬತ್ತು ವರ್ಷ. ಸ್ವಾತಂತ್ರ್ಯ ಬಂದ ಮರುವರ್ಷ ನಿನ್ನ ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯನ್ನು ತಮ್ಮನಿಗೆ ಒಪ್ಪಿಸಿ, ಬಳ್ಳಾರಿಯಲ್ಲಿ ಬಿಳಿ ದೊರೆಯೊಬ್ಬ ಮಾರಿ ಹೋದ ಬಂಗಲೆಯನ್ನು ಕೊಂಡರು. ಕೊಂಡದ್ದು ಮನೆಗಾಗಿ ಅಲ್ಲ, ಹಿತ್ತಲಲ್ಲಿದ್ದ ಈಜುಕೊಳಕ್ಕಾಗಿ. ಜ್ವರ ಬಂದು ನಿನ್ನ ಕಾಲುಗಳು ಸೋತಿದ್ದವಲ್ಲ, ನೀರಿನಲ್ಲಿ ನಿಲ್ಲಿಸಿ ಆಡಿಸಿದರೆ ಬಲ ಬರಬಹುದು ಅಂತ ಮದರಾಸಿನ ಡಾಕ್ಟರು ಹೇಳಿದ್ದರು. ಮನೆಯವರೆಲ್ಲ ಅದನ್ನು ದೊರೆ ತೊಟ್ಟಿ ಅನ್ನುತ್ತಿದ್ದರು.

ಬಳ್ಳಾರಿಯ ಬಿಸಿಲಿಗೆ ನಿಂತ ನೀರು ನಾಲ್ಕು ದಿನ ತಡೆಯುವುದಿಲ್ಲ. ಅದನ್ನು ತಿಳಿಯಾಗಿಡುವ ಕೆಲಸವನ್ನು ನಿನ್ನ ಅಪ್ಪ ನನಗೆ ವಹಿಸಿದರು — ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದೆ, ಅವರು ಶಾಲೆಯ ಕಮಿಟಿಯಲ್ಲಿದ್ದರು. ಪಟಿಕ ಹಾಕಿ ಕಸರನ್ನು ತಳಕ್ಕಿಳಿಸುವುದು, ನೀರು ಹುಳಿಯಾಯಿತೇ ಅಂತ ಲಿಟ್ಮಸ್ ಕಾಗದದಲ್ಲಿ ನೋಡಿ ಸುಣ್ಣದ ತಿಳಿ ಬೆರೆಸುವುದು, ದಿನಕ್ಕಿಷ್ಟು ಬ್ಲೀಚಿಂಗ್ ಪುಡಿ. ಬಂದವರಿಗೆಲ್ಲ ನಿನ್ನ ಅಪ್ಪ ನನ್ನನ್ನು 'ನಮ್ಮ ನೀರಿನ ಡಾಕ್ಟರು' ಅಂತ ಪರಿಚಯಿಸುತ್ತಿದ್ದರು. ನಾನು ಉಬ್ಬಿ ಹೋಗುತ್ತಿದ್ದೆ.

ದುರುಗವ್ವ ಬಂದದ್ದು ಗೋಡೆಯ ಪಾಚಿ ಉಜ್ಜುವುದಕ್ಕೆ. ಕುರುಗೋಡಿನವಳು, ಊರಾಚೆಯ ಕೇರಿಯವಳು. ಊರ ಬಾವಿಗೆ ಇಳಿಯಲು ಬಿಡದಿದ್ದ ಕಾಲಕ್ಕೆ ಕಲ್ಲು ಒಡೆದ ಗುಂಡಿಯಲ್ಲಿ ನಿಂತ ಮಳೆನೀರಿನಲ್ಲಿ ಈಜು ಕಲಿತವಳು. ನೀನು ಯಾರ ಕೈಯಲ್ಲೂ ನೀರಿಗಿಳಿಯದೆ ಚೀರುತ್ತಿದ್ದಾಗ, ಉಜ್ಜುವ ತೆಂಗಿನ ನಾರನ್ನು ಕೆಳಗಿಟ್ಟು, ಯಾರನ್ನೂ ಕೇಳದೆ ಆಕೆ ಕೈ ಚಾಚಿದಳು. ನೀನು ಹೋದೆ. ನಿನ್ನ ಅಜ್ಜಿ ಮುಖ ತಿರುಗಿಸಿಕೊಂಡು ಒಳಗೆ ನಡೆದರು. ನಿನ್ನ ಅಪ್ಪ ತಡೆಯಲಿಲ್ಲ, ಏಕೆಂದರೆ ನೀನು ನಗುತ್ತಿದ್ದೆ. ಯುಗಾದಿಯ ಹೊತ್ತಿಗೆ ಸೊಂಟದುದ್ದ ನೀರಿನಲ್ಲಿ ಆಕೆಯ ಕಿರುಬೆರಳನ್ನಷ್ಟೇ ಹಿಡಿದು ನೀನು ನಾಲ್ಕು ಹೆಜ್ಜೆ ಇಟ್ಟೆ. ನಿನ್ನ ಅಪ್ಪ ಕಂಬ ಹಿಡಿದುಕೊಂಡು ಅತ್ತದ್ದು ನಿನಗೆ ಗೊತ್ತಿಲ್ಲ.

ಆ ಬೇಸಿಗೆ ರಜಕ್ಕೆ ನಾನು ನನ್ನೂರು ಸಿರುಗುಪ್ಪಕ್ಕೆ ಹೊರಟೆ. ಬಸ್ಸಿನ ಅವಸರ. ಪುಡಿಯ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚದೆ, ಬರೀ ಮೇಲಿಟ್ಟು ಓಡಿದೆ. ಡಬ್ಬಿ ಇಡುತ್ತಿದ್ದ ಪಂಪಿನ ಕೋಣೆಯ ತೇವ, ಹೊರಗಿನ ಕಾವು — ಬ್ಲೀಚಿಂಗ್ ಪುಡಿ ಸಾಯುವುದಕ್ಕೆ ಇನ್ನೇನು ಬೇಕು? ಹದಿನೈದು ದಿನ ಬಿಟ್ಟು ಬಂದಾಗ ದುರುಗವ್ವ ಬಾಗಿಲಲ್ಲೇ ಹೇಳಿದಳು:

"ಮೇಷ್ಟ್ರೆ, ನೀವು ಹೇಳ್ದಂಗ ದಿನಾ ಒಂದ್ ಬಟ್ಟಲ ಹಾಕೀನಿ. ಆದ್ರ ಪುಡಿ ಮೊದಲಿನಂಗ ವಾಸನಿ ಬರವಲ್ದು. ಮುದ್ದಿಮುದ್ದಿ ಆಗೈತಿ, ನೋಡ್ರಿ."

ಒಂದು ಚಿಟಿಕೆಯನ್ನು ಶಾಲೆಯ ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸಿದೆ. ಕ್ಲೋರಿನ್ ಇದ್ದಿದ್ದರೆ ನೀಲಿಯಾಗಬೇಕಿದ್ದ ಪರೀಕ್ಷೆಯ ಕಾಗದ ಬೆಳ್ಳಗೇ ಉಳಿಯಿತು. ಪುಡಿ ಸತ್ತಿತ್ತು. ಹೊಸ ಡಬ್ಬಿ ಮದರಾಸಿನಿಂದ ಬರಬೇಕು, ತರಿಸಬೇಕಾದರೆ ಕಾರಣ ಹೇಳಬೇಕು... ನಾಳೆ ಹೇಳೋಣ ಅಂದುಕೊಂಡೆ. ಮರುದಿನ ಬೆಳಿಗ್ಗೆ ಬರುವಷ್ಟರಲ್ಲಿ ನೀರು ಬಟಾಣಿ ಗಂಜಿಯಂತೆ ಹಸಿರುಗಟ್ಟಿತ್ತು, ಮೆಟ್ಟಿಲ ಮೇಲೆಲ್ಲ ಲೋಳೆ. ಮನೆಯವರೆಲ್ಲ ತೊಟ್ಟಿಯ ಸುತ್ತ ನಿಂತಿದ್ದರು.

"ದಿನಾ ಇಳೀತಾಳಲ್ಲ ಆಕಿ, ಅದಕ್ಕ ನೀರು ಕೆಟ್ಟೈತಿ. ನಾ ಅವತ್ತ ಹೇಳಿದ್ದೆ" ಅಂದರು ನಿನ್ನ ಅಜ್ಜಿ.

ನಿನ್ನ ಅಪ್ಪ ಅದನ್ನು ನಂಬಲು ಸಿದ್ಧರಿರಲಿಲ್ಲ. ನನ್ನ ಕಡೆ ತಿರುಗಿ, ಬೇಡಿಕೊಳ್ಳುವವರ ಹಾಗೆ ಕೇಳಿದರು: "ಮೇಷ್ಟ್ರೆ, ನೀವು ಸೈನ್ಸ್ ಓದಿದೋರು. ನೀವ ಹೇಳ್ರಿ. ಹಂಗ ಆಗ್ತೈತೇನು?"

ಇಲ್ಲ ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಇಲ್ಲ ಅಂದರೆ ಮತ್ತೆ ಹೇಗೆ ಆಯಿತು ಅಂತ ಕೇಳುತ್ತಾರೆ. ಡಬ್ಬಿಯ ಮುಚ್ಚಳ, ನನ್ನ ಇನ್ನೂ ಕಾಯಂ ಆಗದ ನೌಕರಿ, ಆ 'ನೀರಿನ ಡಾಕ್ಟರು' —

"ಇರಬಹುದು" ಅಂದೆ.

ಅಷ್ಟೇ ಶಾಂತಾ. ಒಂದೇ ಮಾತು. ನಿನ್ನ ಅಜ್ಜಿಯದು ಹಳೆಯ ನಂಬಿಕೆ, ಅದನ್ನು ನಿನ್ನ ಅಪ್ಪ ತಳ್ಳಿಹಾಕುತ್ತಿದ್ದರು. ಅದಕ್ಕೆ ನಾನು ಓದಿದ ವಿದ್ಯೆಯ ಮುದ್ರೆ ಒತ್ತಿದೆ.

ಅಂದೇ ಕೆಲಸ ಬಿಡಿಸಿದಾಗ ದುರುಗವ್ವ ಜಗಳವಾಡಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಗೇಟಿನ ಹತ್ತಿರ ನನಗಾಗಿ ಕಾದಿದ್ದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆನೇನೋ.

"ಮೇಷ್ಟ್ರೆ, ನೀವ ಹೇಳ್ದ ಮ್ಯಾಲ ಖರೇನ ಇರಬೇಕು. ನಾ ಇಷ್ಟ ದಿನ ಎತ್ಕಂಡು ಆಡ್ಸೀನಿ... ಕೂಸಿಗೆ ಏನೂ ಆಗಂಗಿಲ್ಲಲ್ರಿ?"

ಆಕೆ ನನ್ನನ್ನು ನಂಬಿದ್ದಳು. ನಾನು ತಲೆ ಅಲ್ಲಾಡಿಸಿದೆ — ಹೌದೆಂದೋ ಇಲ್ಲವೆಂದೋ, ನನಗೇ ತಿಳಿಯದ ಹಾಗೆ.

ಆಮೇಲೆ ನಾನು ಮಾಡಿದ್ದು ಇನ್ನೂ ಹೇಸಿಗೆಯದು. ಪರಿಚಯದವರ ಮೂಲಕ ಗುಟ್ಟಾಗಿ ಹೊಸ ಪುಡಿ ತರಿಸಿದೆ. ಅಳತೆ ಮಾಡಿ ಮೈಲುತುತ್ತ ಹಾಕಿ ಪಾಚಿ ಕೊಂದೆ, ಪಟಿಕ ಹಾಕಿ ತಳಕ್ಕಿಳಿಸಿದೆ, ಸುಣ್ಣ ಬೆರೆಸಿ ಹದ ಮಾಡಿದೆ. ವಾರದೊಳಗೆ ತಳದ ಕಲ್ಲಿನ ಗೆರೆ ಕಾಣುವಷ್ಟು ತಿಳಿಯಾಯಿತು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಮಾಡಿದ ಕೆಲಸ ಬೇರೊಂದಿಲ್ಲ. ನಿನ್ನ ಅಜ್ಜಿ ಎಲ್ಲರನ್ನೂ ಕರೆದು ತೋರಿಸಿದರು: "ನೋಡ್ರಿ, ಆಕಿ ಹೋದ್ಲು, ನೀರು ತಿಳೀ ಆತು."

ಆ ತಿಳಿನೀರಿಗೆ ನೀನು ಮತ್ತೆ ಇಳಿಯಲಿಲ್ಲ. ಹೊಸದಾಗಿ ಬಂದ ಆಯಾಗೆ ನೀರೆಂದರೆ ಭಯ, ನಿನಗೆ ಆಕೆಯೆಂದರೆ ಭಯ. ದುರುಗವ್ವ ತಾನಾಗಿಯೇ ಊರಿಗೆ ಹೋದಳು ಅಂತ ನಿನಗೆ ಹೇಳಿದ್ದರು. ಲೆಕ್ಕ ಮಾಡುತ್ತ ಮಾಡುತ್ತ ನೀನು ಒಂದು ದಿನ ಸ್ಲೇಟು ಕೆಳಗಿಟ್ಟು, "ಆಕಿಗೆ ನಾ ಬ್ಯಾಡಾದೆ ಅಲ್ರಿ ಮೇಷ್ಟ್ರೆ?" ಅಂದೆ. ಅಂದೂ ನಾನು ಬಾಯಿ ಬಿಡಲಿಲ್ಲ. ದಸರೆಯ ಹೊತ್ತಿಗೆ ತೊಟ್ಟಿಯನ್ನು ಖಾಲಿ ಮಾಡಿಸಿದರು. ನಿನ್ನ ಕಾಲುಗಳು ಅಲ್ಲಿಗೇ ನಿಂತವು.

ಕಳೆದ ತಿಂಗಳು ಶಾಲೆಯ ಕೆಲಸಕ್ಕೆ ಕುರುಗೋಡಿಗೆ ಹೋಗಿದ್ದೆ. ಆಕೆಯನ್ನು ಹುಡುಕಿಕೊಂಡು ಹೋದೆ ಅಂತ ಬರೆದರೆ ಮತ್ತೊಂದು ಸುಳ್ಳಾಗುತ್ತದೆ, ಕೆಲಸವಿತ್ತು, ಹೋದೆ. ಹೋದ ಮೇಲೆ ಕಾಲು ಕೇರಿಯ ಕಡೆ ಎಳೆಯಿತು. ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಳು. ಹಿಂದೆ ಆ ಕೇರಿಯ ಹಸುಗೂಸುಗಳಿಗೆಲ್ಲ ನೀರೆರೆಯುತ್ತಿದ್ದವಳು ದುರುಗವ್ವನೇ ಅಂತೆ.

"ಬಳ್ಳಾರಿಯಿಂದ ಬಂದ ಮ್ಯಾಲ ಬಿಟ್ಬಿಟ್ಲು ನೋಡ್ರಿ. ನನ್ನ ಎರಡು ಕೂಸನ್ನೂ ಇವತ್ತಿನ ತನಕ ಎತ್ಕಂಡಿಲ್ಲ. ನನ್ನ ಮೈಯಾಗ ಏನೋ ಐತಿ, ಓದಿದೋರು ಹೇಳ್ಯಾರ ಅಂತಾಳ."

ಅಷ್ಟರಲ್ಲಿ ಆಕೆಯೇ ಬಂದಳು, ತಲೆಯ ಮೇಲೆ ಕಟ್ಟಿಗೆ ಹೊರೆ. ಹೊರೆ ಇಳಿಸುವುದಕ್ಕೂ ಬಿಡದೆ ಹೇಳಿಬಿಟ್ಟೆ — ನೀರು ಕೆಟ್ಟದ್ದು ನನ್ನಿಂದ, ಪುಡಿ ಸತ್ತಿತ್ತು, ಆಕೆಯಲ್ಲಿ ಯಾವ ದೋಷವೂ ಇರಲಿಲ್ಲ ಅಂತ.

"ಅವತ್ತ ಗೊತ್ತಿತ್ತೇನ್ರಿ ನಿಮಗ?"

"ಗೊತ್ತಿತ್ತು."

ಆಕೆ ಹೊರೆಯನ್ನು ಇಳಿಸಿ ಗೋಡೆಗೆ ಒರಗಿಸಿದಳು. ಆಮೇಲೆ ನನ್ನ ಬಗ್ಗೆ ಅಲ್ಲ, ತನ್ನ ಬಗ್ಗೆಯೂ ಅಲ್ಲ, ನಿನ್ನ ಬಗ್ಗೆ ಕೇಳಿದಳು. "ಶಾಂತವ್ವ ಈಗ ನಡೀತಾಳೇನ್ರಿ?"

ಇಲ್ಲ ಅಂದೆ. ಆಕೆ ಗೋಡೆಗೆ ಮುಖ ಮಾಡಿ ಕುಳಿತಳು. ಅತ್ತ ಸದ್ದು ಬರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ತಿರುಗದೆಯೇ, "ಇನ್ನ ಹೋಗ್ರಿ ಮೇಷ್ಟ್ರೆ" ಅಂದಳು.

ನಿನ್ನೆ ನಿನ್ನ ಅಪ್ಪನಿಗೂ ಎಲ್ಲ ಹೇಳಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ಈಗ್ಯಾಕ ಬೇಕಿತ್ತು ಇದು? ಶಾಂತಾಗ ಹೇಳಬ್ಯಾಡ್ರಿ" ಅಂದರು. ಅವರ ಮಾತು ಮೀರಿ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಅದರಿಂದ ಏನಾದರೂ ಆಗುವುದಿದ್ದರೆ ಆಗಲಿ.

ಕ್ಷಮಿಸು ಅಂತ ಕೇಳಲಾರೆ, ಕೇಳುವ ಯೋಗ್ಯತೆ ಇಲ್ಲ. ದುರುಗವ್ವ ಬದುಕಿದ್ದಾಳೆ. ಕುರುಗೋಡಿನ ಬಸ್ಸು ನಿಲ್ಲುವಲ್ಲಿ ಇಳಿದು ಕಲ್ಲುಗುಂಡಿಯ ದಾರಿ ಕೇಳಿದರೆ ಯಾರಾದರೂ ತೋರಿಸುತ್ತಾರೆ, ಕೇರಿಯ ಕೊನೆಯ ಮನೆ. ಈ ಕಾಗದವನ್ನು ಓದಿದ ಮೇಲೆ ನಿನ್ನ ಅಜ್ಜಿಯ ಎದುರಿಗೂ ಗಟ್ಟಿಯಾಗಿ ಓದು. ನಾನು ಬಂದು ಓದಬೇಕೆಂದರೆ, ಬಂದು ಓದುತ್ತೇನೆ.